ಕೈಗೆ ಹೊಂದಿಸಿಕೊಂಡ 1911 ಪಿಸ್ತೂಲು ಕೈಕೊಟ್ಟಾಗ: ದೋಷ ಹುಡುಕಿದ ದಾರಿ

ಜೂನ್ ಕೊನೆಯ ವಾರ. ಕೊಡಗಿನ ನಾಪೋಕ್ಲು ಕಡೆ ಮಳೆ ಬಿಡದೆ ಹೊಡೆಯುತ್ತಿತ್ತು. ಬೆಳಿಗ್ಗೆ ಏಳು ಗಂಟೆಗೆ ಟೆಕ್ಸಸ್‌ನಿಂದ ಅಳಿಯನ ವಿಡಿಯೋ ಕರೆ ಬಂತು. ಅಲ್ಲಿ ಹಿಂದಿನ ರಾತ್ರಿ ಎಂಟೂವರೆ. "ಮಾವ, ಪಿಸ್ತೂಲು ಹಾಳಾಯ್ತು ಅನ್ಸುತ್ತೆ" ಅಂದ. ಮುಖ ಸಣ್ಣಗಾಗಿತ್ತು.

ಅವನು ನನ್ನ ಅಕ್ಕನ ಮಗ. ಅಲ್ಲೇ ನೆಲೆ ನಿಂತವನು. ಅಲ್ಲಿನ ಕಾನೂನಿನ ಪ್ರಕಾರ ಒಂದು 1911 ಮಾದರಿಯ ಪಿಸ್ತೂಲು ಕೊಂಡು, ಭಾನುವಾರ ರೇಂಜ್‌ಗೆ ಹೋಗಿ ಗುರಿ ಅಭ್ಯಾಸ ಮಾಡುತ್ತಾನೆ. .45 ಎಸಿಪಿ ಗುಂಡು, 5 ಇಂಚಿನ ಬ್ಯಾರಲ್ (ನಳಿಗೆ), 7 ಗುಂಡಿನ ಮ್ಯಾಗಜಿನ್. ಆರು ತಿಂಗಳು ಒಂದು ಚೂರೂ ತಕರಾರಿಲ್ಲದೆ ನಡೆದಿತ್ತು. ಆಮೇಲೆ ತನ್ನ ಕೈಗೆ ಸರಿ ಹೊಂದಲಿ ಅಂತ ಒಂದೇ ಶನಿವಾರ ಕೂತು ಆರು ಭಾಗ ಬದಲಾಯಿಸಿದ. ಭಾನುವಾರ ರೇಂಜ್‌ನಲ್ಲಿ ಮೂರು ಬಗೆಯ ತೊಂದರೆ ಒಟ್ಟಿಗೆ ಶುರುವಾಯಿತು. ಯಾವ ಭಾಗದಿಂದ ಯಾವ ತೊಂದರೆ ಅಂತ ಹೇಳುವವರು ಯಾರು?

ನಾನು ಸೇನೆಯ ವರ್ಕ್‌ಶಾಪ್‌ನಲ್ಲಿ ಆಯುಧ ರಿಪೇರಿ ಮಾಡಿದವನು. ನನ್ನ ಕೈಯಲ್ಲಿ ಜಾಸ್ತಿ ಓಡಾಡಿದ್ದು ಇಶಾಪುರ ಕಾರ್ಖಾನೆಯ 9 ಎಂಎಂ 1ಎ ಪಿಸ್ತೂಲು. ಅದರ ಮೂಲ 1935ರ ಬ್ರೌನಿಂಗ್ ಹೈ ಪವರ್. ಅದನ್ನು ಶುರು ಮಾಡಿದ್ದು ಅಮೆರಿಕದ ಆಯುಧ ವಿನ್ಯಾಸಗಾರ ಜಾನ್ ಬ್ರೌನಿಂಗ್. 1926ರಲ್ಲಿ ಅವರು ತೀರಿಕೊಂಡ ಮೇಲೆ ಬೆಲ್ಜಿಯಂನ ವಿನ್ಯಾಸಗಾರ ಸೈವ್ ಮುಗಿಸಿದರು. 1911 ಕೂಡ ಬ್ರೌನಿಂಗ್ ಅವರದ್ದೇ. ಹಾಗಾಗಿ ಎರಡೂ ಒಂದೇ ಮನೆತನದವು. ಹೈ ಪವರ್‌ನಲ್ಲಿ ಗುಂಡು ಹಾರಿದಾಗ ಬ್ಯಾರಲ್ ಕೆಳಗಿಳಿಯುವುದು ಬ್ಯಾರಲ್ಲಿನ ಅಡಿಯಲ್ಲೇ ಕೊರೆದ ಓರೆ ತೋಡಿನಿಂದ. 1911 ಪಿಸ್ತೂಲಿನಲ್ಲಿ ಅದೇ ಕೆಲಸಕ್ಕೆ ತೂಗಾಡುವ ಒಂದು ಚಿಕ್ಕ ಲಿಂಕ್ ಇದೆ. ಅಷ್ಟು ಗೊತ್ತಿದ್ದರೆ ಉಳಿದದ್ದು ಅರ್ಥವಾಗುತ್ತದೆ. ಈ ದೋಷವನ್ನು ನಾವು ಮೂರು ವಾರ ವಿಡಿಯೋ ಕರೆಯಲ್ಲೇ ಹುಡುಕಿದೆವು. ನಡುವೆ ಎಷ್ಟೋ ಸಲ ಇಲ್ಲಿ ಟವರ್ ಹೋಯಿತು. ಒಂದು ಲೆಕ್ಕಕ್ಕೆ ಅದೂ ಒಳ್ಳೆಯದೇ ಆಯಿತು, ಅವಸರ ಮಾಡಲು ಆಗಲಿಲ್ಲ.

ಮೊದಲು ಏನೇನು ಬದಲಾಯಿತು ಅಂತ ಬರೆಯಿರಿ

ನಾನು ಅವನಿಗೆ ಹೇಳಿದ ಮೊದಲ ಮಾತು, "ಸ್ಕ್ರೂಡ್ರೈವರ್ ಕೆಳಗಿಡು. ಪೆನ್ನು ತಗೋ." ಚೆನ್ನಾಗಿ ನಡೆಯುತ್ತಿದ್ದ ಪಿಸ್ತೂಲು ಭಾಗ ಬದಲಾಯಿಸಿದ ಮಾರನೇ ದಿನ ಕೈಕೊಟ್ಟರೆ, ತಪ್ಪು ಹೊಸ ಭಾಗಗಳ ಸುತ್ತಲೇ ಇರುತ್ತದೆ. ಬ್ಯಾರಲ್ಲು, ಗುಂಡು ನಳಿಗೆಗೆ ಹತ್ತುವ ಇಳಿಜಾರಾದ ಫೀಡ್ ರ‍್ಯಾಂಪ್ ಅಂತ ಹಳೆಯ ಲೋಹಕ್ಕೆ ಅರ ಹಿಡಿಯಲು ಹೋಗಬಾರದು. ಲೋಹ ಒಮ್ಮೆ ಸವೆದರೆ ಮತ್ತೆ ಬರುವುದಿಲ್ಲ.

ಅವನು ಬರೆದುಕೊಂಡದ್ದು ಇಷ್ಟು. ಉದ್ದ ಟ್ರಿಗರ್ ತೆಗೆದು ಗಿಡ್ಡದ್ದು ಹಾಕಿದ್ದ. ಹಿಡಿಯ ಹಿಂಭಾಗದ ಕೆಳಗಿರುವ ಮೇನ್‌ಸ್ಪ್ರಿಂಗ್ ಹೌಸಿಂಗ್ ಮೊದಲು ಉಬ್ಬಾಗಿತ್ತು, ಅದನ್ನು ಚಪ್ಪಟೆ ಮಾಡಿಸಿದ್ದ. ಗುಂಡು ಸಿಡಿಸಲು ಬಡಿಯುವ ಹ್ಯಾಮರ್ ಕೈ ಕಚ್ಚದ ಹಾಗೆ ಉದ್ದ ಬಾಲದ ಗ್ರಿಪ್ ಸೇಫ್ಟಿ (ಅಂಗೈ ಒತ್ತದೆ ಟ್ರಿಗರ್ ಬಿಡದ ಕಾವಲು) ಹಾಕಿದ್ದ. ಎರಡೂ ಬದಿಗೆ ಚಾಚಿದ ಹೆಬ್ಬೆರಳ ಸೇಫ್ಟಿ. ಸ್ಲೈಡನ್ನು (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಭಾಗ) ಮತ್ತೆ ಮುಂದೆ ತಳ್ಳುವ 16 ಪೌಂಡಿನ ರಿಕಾಯಿಲ್ ಸ್ಪ್ರಿಂಗ್ ಜಾಗಕ್ಕೆ 20 ಪೌಂಡಿನದ್ದು. ಆರನೆಯದು ನಾನೇ ಕೊಟ್ಟದ್ದು: ಕಾಫಿ ಮರದ ಹಿಡಿ ಪಟ್ಟಿಗಳು. ಕಿತ್ತ ಹಳೆಯ ರೊಬಸ್ಟಾ ಗಿಡದ ಕಾಂಡವನ್ನು ಅಡಿಗೆಮನೆ ಮೇಲಿನ ಅಟ್ಟದಲ್ಲಿ ಒಂದೂವರೆ ವರ್ಷ ಒಣಗಿಸಿ, ಕೊಯ್ದು, ಉಜ್ಜಿ, ಎಣ್ಣೆ ಕುಡಿಸಿ ಮಾಡಿದ್ದೆ. ಅಕ್ಕ ಹೋಗುವಾಗ ಬಟ್ಟೆಯಲ್ಲಿ ಸುತ್ತಿ ಕೊಟ್ಟಿದ್ದೆ. ಅಳಿಯನ ಕೈ ಸಣ್ಣದು. ಅದಕ್ಕೇ ಪಟ್ಟಿಗಳನ್ನು ಮಾಮೂಲಿಗಿಂತ ತೆಳ್ಳಗೆ ಮಾಡಿದ್ದೆ. ಈ ತೆಳುವಿನ ಮಾತು ಮುಂದೆ ಬರುತ್ತದೆ, ನೆನಪಿಡಿ.

ಕೈಗೆ ತಕ್ಕಂತೆ ಪಿಸ್ತೂಲನ್ನು ಬದಲಿಸುವುದು ತಪ್ಪಲ್ಲ. ಅಮೆರಿಕದ ಸೇನೆಯೇ ಅದನ್ನು ಮಾಡಿದೆ. 1911ರ ಮಾರ್ಚ್ 29ರಂದು ಒಪ್ಪಿಕೊಂಡ ಪಿಸ್ತೂಲನ್ನು ಮೊದಲ ಮಹಾಯುದ್ಧದ ಅನುಭವದ ಮೇಲೆ 1920ರ ದಶಕದಲ್ಲಿ ತಿದ್ದಿದರು. ಅದೇ 1911-ಎ1. ಟ್ರಿಗರ್ ಗಿಡ್ಡವಾಯಿತು. ಬೆರಳು ಸರಾಗವಾಗಿ ತಲುಪಲಿ ಅಂತ ಟ್ರಿಗರ್ ಹಿಂದೆ ಫ್ರೇಮ್‌ನಲ್ಲಿ ಎರಡೂ ಕಡೆ ಕೆತ್ತಿದರು. ಗ್ರಿಪ್ ಸೇಫ್ಟಿಯ ಬಾಲ ಉದ್ದವಾಯಿತು. ಗುರಿ ಹಿಡಿಯುವ ಮುಂದಿನ ಸೈಟ್ ಅಗಲವಾಯಿತು. ಸೈನಿಕರ ಗುಂಡು ಕೆಳಕ್ಕೆ ಬೀಳುತ್ತದೆ ಅಂತ ಹಿಡಿಯ ಹಿಂಭಾಗವನ್ನು ಉಬ್ಬಿಸಿದರು. ಉಬ್ಬು ಅಂಗೈಯನ್ನು ತುಂಬಿದಾಗ ಮೂತಿ ಒಂಚೂರು ಮೇಲೆ ನೋಡುತ್ತದೆ. ಒಳಗಿನ ಯಂತ್ರ ಮಾತ್ರ ಹಾಗೇ ಉಳಿಯಿತು, ಬದಲಾದದ್ದು ಕೈ ತಾಗುವ ಜಾಗಗಳು. ಅಳಿಯ ಮುಟ್ಟಿದ್ದೂ ಹೆಚ್ಚುಕಡಿಮೆ ಅವೇ ಜಾಗಗಳನ್ನು. ಸ್ಪ್ರಿಂಗ್ ಒಂದನ್ನು ಬಿಟ್ಟು.

ಎರಡನೆಯದಾಗಿ, ಮ್ಯಾಗಜಿನ್‌ಗಳಿಗೆ ನಂಬರ್ ಹಾಕಿಸಿದೆ. ನಾಲ್ಕಿದ್ದವು. ಅವನ ಹೆಂಡತಿಯ ಉಗುರು ಬಣ್ಣ ತಗೊಂಡು ತಳಕ್ಕೆ ಒಂದು ಚುಕ್ಕೆ, ಎರಡು ಚುಕ್ಕೆ, ಮೂರು, ನಾಲ್ಕು. ಇನ್ನು ಮೇಲೆ ಏನೇ ತೊಂದರೆ ಆದರೂ ಯಾವ ಮ್ಯಾಗಜಿನ್, ಎಷ್ಟನೇ ಗುಂಡು, ಪಿಸ್ತೂಲು ಯಾವ ಸ್ಥಿತಿಯಲ್ಲಿ ನಿಂತಿತು ಅಂತ ಪುಸ್ತಕದಲ್ಲಿ ಬರೆಯಬೇಕು. ಇದನ್ನು ಸುಮ್ನೆ ಹೇಳುತ್ತಿಲ್ಲ. ಒಂದೇ ಮ್ಯಾಗಜಿನ್‌ನಲ್ಲಿ ತೊಂದರೆ ಬಂದರೆ ತಪ್ಪು ಮ್ಯಾಗಜಿನ್‌ನದ್ದು. ನಾಲ್ಕರಲ್ಲೂ ಬಂದರೆ ಪಿಸ್ತೂಲಿನದ್ದು, ಗುಂಡಿನದ್ದು ಅಥವಾ ಕೈಯದ್ದು. ಈ ಒಂದು ವಿಂಗಡಣೆಯಲ್ಲೇ ಅರ್ಧ ಕೆಲಸ ಮುಗಿಯುತ್ತದೆ.

ಮನೆಯಲ್ಲಿ ಪರೀಕ್ಷೆ ಮಾಡುವಾಗ ಗುಂಡುಗಳು ಆ ಕೋಣೆಯಲ್ಲೇ ಇರಬಾರದು. ಮೊದಲು ಮ್ಯಾಗಜಿನ್ ಹೊರಗೆ. ಆಮೇಲೆ ಸ್ಲೈಡ್ ಎಳೆದು ಚೇಂಬರ್ (ಗುಂಡು ಕೂರುವ ಗೂಡು) ನೋಡಿ, ಕಿರುಬೆರಳು ಹಾಕಿ ಮುಟ್ಟಿ ನೋಡಿ. ಪ್ರತಿ ಕರೆಯಲ್ಲೂ ಖಾಲಿ ಚೇಂಬರನ್ನು ಕ್ಯಾಮೆರಾಗೆ ತೋರಿಸಿದ ಮೇಲೆಯೇ ನಾನು ಮುಂದಿನ ಮಾತು ಆಡುತ್ತಿದ್ದೆ. ಗುಂಡು ತುಂಬಿ ನೋಡಬೇಕಾದ್ದೆಲ್ಲ ರೇಂಜ್‌ನಲ್ಲಿ ಮಾತ್ರ.

ಟ್ರಿಗರ್ ಅಲ್ಲಾಡುವುದಿಲ್ಲ

ಮೊದಲ ತೊಂದರೆ ಇದು. ಹ್ಯಾಮರ್ ಎದ್ದಿದೆ, ಸೇಫ್ಟಿ ಇಳಿಸಿದೆ, ಟ್ರಿಗರ್ ಒತ್ತಿದರೆ ಗೋಡೆ ಒತ್ತಿದ ಹಾಗೆ. ಹತ್ತು ಸಲದಲ್ಲಿ ಎರಡು ಸಲ ಹೀಗಾಗುತ್ತಿತ್ತು. ಹಿಡಿತ ಸಡಿಲಿಸಿ ಮತ್ತೆ ಹಿಡಿದರೆ ಸರಿಯಾಗುತ್ತಿತ್ತು. ಹೊಸ ಟ್ರಿಗರ್ ಸಿಕ್ಕಿಹಾಕಿಕೊಳ್ಳುತ್ತಿದೆ ಅಂತ ಅವನ ಅನುಮಾನ.

ಮತ್ತೆ ಹಿಡಿದಾಗ ಸರಿಯಾಗುತ್ತದೆ ಅನ್ನುವುದೇ ಇಲ್ಲಿನ ಸುಳಿವು. 1911ರಲ್ಲಿ ಟ್ರಿಗರನ್ನು ತಡೆಯುವುದು ಎರಡು. ಹೆಬ್ಬೆರಳ ಸೇಫ್ಟಿ ಪೂರ್ತಿ ಇಳಿದಿರಬೇಕು. ಹಿಡಿಯ ಹಿಂದಿನ ಗ್ರಿಪ್ ಸೇಫ್ಟಿಯನ್ನು ಅಂಗೈ ಒತ್ತಿರಬೇಕು. ಟ್ರಿಗರ್ ತನ್ನ ತೋಡಿನಲ್ಲಿ ಸಿಕ್ಕಿಹಾಕಿಕೊಂಡಿದ್ದರೆ ಹಿಡಿತ ಬದಲಿಸಿದ ಮಾತ್ರಕ್ಕೆ ಬಿಡುವುದಿಲ್ಲ.

ಖಾಲಿ ಪಿಸ್ತೂಲಿನಲ್ಲಿ ಗ್ರಿಪ್ ಸೇಫ್ಟಿಯನ್ನು ಇನ್ನೊಂದು ಕೈಯ ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿಸಿದೆ. ಇಪ್ಪತ್ತು ಸಲ ಟ್ರಿಗರ್ ಒತ್ತಿದ, ಇಪ್ಪತ್ತೂ ಸಲ ಹ್ಯಾಮರ್ ಬಿತ್ತು. ಅಲ್ಲಿಗೆ ಟ್ರಿಗರ್ ಮೇಲಿನ ಅನುಮಾನ ಹೋಯಿತು. ಆಮೇಲೆ ಅವನ ಮಗಳ ಸೀಮೆಸುಣ್ಣ ತರಿಸಿ ಗ್ರಿಪ್ ಸೇಫ್ಟಿಯ ಮೇಲೆ ಚೆನ್ನಾಗಿ ಉಜ್ಜಲು ಹೇಳಿದೆ. "ಈಗ ರೇಂಜ್‌ನಲ್ಲಿ ಹಿಡಿಯೋ ಹಾಗೇ ಹಿಡಿ. ಕೈ ಬಿಡು. ಅಂಗೈ ತೋರಿಸು." ಕ್ಯಾಮೆರಾಗೆ ಕೈ ತಂದ. ಹೆಬ್ಬೆರಳಿನ ಬುಡದ ದಿಂಡಿನ ಮೇಲೆ ಬಿಳಿ ಗೆರೆ ಇತ್ತು. ಅದರ ಪಕ್ಕ, ಅಂಗೈ ನಡುವಿನ ತಗ್ಗಿನಲ್ಲಿ, ಒಂದು ಕಣವೂ ಇರಲಿಲ್ಲ. ಸೇಫ್ಟಿಯ ಕೆಳತುದಿಯ ಸುಣ್ಣ ಹಚ್ಚಿದ ಹಾಗೇ ಉಳಿದಿತ್ತು.

ಕಾರಣ ಹೀಗೆ. ಹೊಸ ಸೇಫ್ಟಿ ಚಾಚಿಕೊಂಡಿದೆ, ಹಾಗಾಗಿ ಹೆಬ್ಬೆರಳನ್ನು ಅದರ ಮೇಲೆ ಇಟ್ಟು ಹಿಡಿಯುತ್ತಾನೆ. ಹೆಬ್ಬೆರಳು ಮೇಲೆ ಹೋದಾಗ ಅಂಗೈ ಗುಳಿ ಬೀಳುತ್ತದೆ. ಉದ್ದ ಬಾಲ ಕೈಯನ್ನು ಇನ್ನೂ ಮೇಲಕ್ಕೆ ತಳ್ಳುತ್ತದೆ. ಮೊದಲು ಉಬ್ಬಿದ ಹೌಸಿಂಗ್ ಆ ಗುಳಿಯನ್ನು ಕೆಳಗಿನಿಂದ ತುಂಬುತ್ತಿತ್ತು, ಅದೂ ಈಗ ಚಪ್ಪಟೆ. ಮೂರು ಬದಲಾವಣೆ ಬೇರೆ ಬೇರೆಯಾಗಿ ನೋಡಿದರೆ ಮೂರೂ ಸರಿ. ಕೂಡಿದಾಗ ಅಂಗೈಗೂ ಸೇಫ್ಟಿಗೂ ನಡುವೆ ಒಂದು ಸಣ್ಣ ಖಾಲಿ ಜಾಗ ಆಯಿತು.

ಇದಕ್ಕೆ ಕೆಳತುದಿಯಲ್ಲಿ ಗಂಟಿನಂಥ ಉಬ್ಬು ಇರುವ ಗ್ರಿಪ್ ಸೇಫ್ಟಿ ಸಿಗುತ್ತದೆ. ಹೆಬ್ಬೆರಳು ಮೇಲಿಟ್ಟು ಹಿಡಿಯುವವರಿಗೆ ಅಂತಲೇ ಮಾಡಿದ್ದು. ಅಲ್ಲಿನ ಗನ್‌ಸ್ಮಿತ್ (ಬಂದೂಕು ರಿಪೇರಿಯವರು) ಹತ್ತಿರ ಅದನ್ನು ಹಾಕಿಸಿದ. ಅದು ಟ್ರಿಗರನ್ನು ಎಷ್ಟು ಒತ್ತಿದಾಗ ಬಿಡುತ್ತದೆ ಅನ್ನುವುದನ್ನೂ ಅವರೇ ಹೊಂದಿಸಿದರು. ಕೆಲವರು ಈ ತಲೆನೋವೇ ಬೇಡ ಅಂತ ಗ್ರಿಪ್ ಸೇಫ್ಟಿಯನ್ನು ಪಿನ್ ಹೊಡೆದೋ ಟೇಪ್ ಸುತ್ತಿಯೋ ಖಾಯಂ ಒತ್ತಿಟ್ಟುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕೈಗೆ ಹೊಂದುವ ಭಾಗ ಸಿಗುವಾಗ ಕಾವಲು ಕಿತ್ತು ಹಾಕುವುದು ಯಾಕೆ?

ಮ್ಯಾಗಜಿನ್ ಬೀಳುವುದಿಲ್ಲ

ಬಟನ್ ಒತ್ತಿದರೆ ಖಾಲಿ ಮ್ಯಾಗಜಿನ್ ತಾನಾಗಿ ಜಾರಿ ಬೀಳಬೇಕು. ಮೊದಲು ಬೀಳುತ್ತಿತ್ತು. ಈಗ ಅರ್ಧ ಇಂಚು ಇಳಿದು ನಿಲ್ಲುತ್ತದೆ, ಕೈಯಿಂದ ಎಳೆಯಬೇಕು. ಹಾಕುವಾಗಲೂ ಬಿಗಿ. ಎರಡು ಸಲ ಪೂರ್ತಿ ಕೂರದೆ ಮೊದಲ ಗುಂಡಿನ ಮೂತಿ ರ‍್ಯಾಂಪ್‌ಗೆ ಗುದ್ದಿ ನಿಂತಿತ್ತು. ಅವನು ಅದನ್ನು ನೋಡಿ ರ‍್ಯಾಂಪ್ ಪಾಲಿಶ್ ಮಾಡಿಸಬೇಕು ಅಂತ ತೀರ್ಮಾನಿಸಿದ್ದ.

ನಾಲ್ಕು ಮ್ಯಾಗಜಿನ್‌ಗಳಲ್ಲೂ ಇದೇ ಕತೆ ಅಂತ ಪುಸ್ತಕ ಹೇಳಿತು. ಹಾಗಾದರೆ ಮ್ಯಾಗಜಿನ್ ತಪ್ಪಲ್ಲ. ಮ್ಯಾಗಜಿನ್ ಮೈಯನ್ನು ಕ್ಯಾಮೆರಾ ಹತ್ತಿರ ಹಿಡಿದು ನಿಧಾನಕ್ಕೆ ತಿರುಗಿಸಲು ಹೇಳಿದೆ. ಕಪ್ಪು ಬಣ್ಣದ ಮೇಲೆ, ಎರಡೂ ಬದಿಯಲ್ಲಿ, ಕೂದಲೆಳೆಯಷ್ಟು ಸಣ್ಣ ಹೊಳೆಯುವ ಗೀರು. ಮೇಲಿಂದ ಕೆಳಗೆ ನೇರ ಗೆರೆ. ಅದನ್ನು ಹಿಡಿಯ ಪಕ್ಕ ಇಟ್ಟು ನೋಡಿದರೆ ಗೀರು ಹೋಗುವ ಜಾಗಕ್ಕೂ ಪಟ್ಟಿಯ ಸ್ಕ್ರೂ ಇರುವ ಜಾಗಕ್ಕೂ ಸರಿಯಾಗಿ ತಾಳೆಯಾಯಿತು.

ನನ್ನ ಎದೆ ಧಸಕ್ಕೆಂದಿತು. ಪಟ್ಟಿ ಮಾಡಿದವನು ನಾನೇ. ತೆಳ್ಳಗೆ ಮಾಡಿದೆ, ಆದರೆ ಸ್ಕ್ರೂ ಮಾಮೂಲಿ ದಪ್ಪದ ಪಟ್ಟಿಗೆ ಇದ್ದದ್ದೇ. ಪಟ್ಟಿ ಎಷ್ಟು ತೆಳುವಾಯಿತೋ ಸ್ಕ್ರೂ ಅಷ್ಟು ಒಳಗೆ ಹೋಯಿತು. ಅದರ ತುದಿ ಬುಶಿಂಗ್ (ಸ್ಕ್ರೂ ಕೂರುವ ಲೋಹದ ಗೂಡು) ದಾಟಿ ಮ್ಯಾಗಜಿನ್ ಕೂರುವ ಬಾವಿಯೊಳಗೆ ಇಣುಕುತ್ತಿತ್ತು. ನಾಲ್ಕು ಸ್ಕ್ರೂ, ನಾಲ್ಕು ಉಗುರು ಪರಚಿದ ಹಾಗೆ.

ಇದನ್ನು ಖಚಿತಪಡಿಸುವುದು ಎರಡು ನಿಮಿಷದ ಕೆಲಸ. ಎರಡೂ ಪಟ್ಟಿ ಮತ್ತು ಸ್ಕ್ರೂ ತೆಗೆಯಿರಿ. ಬರೀ ಫ್ರೇಮ್‌ಗೆ ಖಾಲಿ ಮ್ಯಾಗಜಿನ್ ಹಾಕಿ ಬಟನ್ ಒತ್ತಿ. ಸಲೀಸಾಗಿ ಬಿದ್ದರೆ ತಪ್ಪು ಪಟ್ಟಿ, ಸ್ಕ್ರೂಗಳಲ್ಲಿ. ಆಗಲೂ ಬೀಳದಿದ್ದರೆ ಬುಶಿಂಗ್‌ಗಳೇ ಒಳಗೆ ಚಾಚಿವೆಯೇ, ಮ್ಯಾಗಜಿನ್ ಕ್ಯಾಚ್ ಪೂರ್ತಿ ಸರಿಯುತ್ತಿದೆಯೇ, ಮ್ಯಾಗಜಿನ್ ಮೈ ಉಬ್ಬಿದೆಯೇ ಅಂತ ನೋಡಬೇಕು. ಅಳಿಯನದ್ದು ಪಟ್ಟಿ ತೆಗೆದ ಕೂಡಲೇ ಟಪ್ ಅಂತ ಬಿತ್ತು. ಕೆಳಗೆ ಟವೆಲ್ ಹಾಸಿರಲಿಲ್ಲ, ಆ ಸದ್ದು ಇಲ್ಲಿಯವರೆಗೂ ಕೇಳಿಸಿತು.

ತೆಳು ಪಟ್ಟಿಗೆ ಗಿಡ್ಡ ಬುಶಿಂಗ್ ಮತ್ತು ಗಿಡ್ಡ ಸ್ಕ್ರೂ ಜೋಡಿಯಾಗಿ ಸಿಗುತ್ತವೆ. ಅದನ್ನೇ ಹಾಕಬೇಕು. ಬುಶಿಂಗ್ ಫ್ರೇಮ್‌ನಲ್ಲಿ ಸಣ್ಣ ಮರೆಯ (ತಿರುಪಿನ ಸುತ್ತುಗೆರೆಯ) ಮೇಲೆ ಕೂತಿರುತ್ತದೆ, ಬಲ ಪ್ರಯೋಗಿಸಿದರೆ ಮರೆ ಕಿತ್ತು ಬರುತ್ತದೆ. ಹಾಗಾಗಿ ಅದನ್ನೂ ಗನ್‌ಸ್ಮಿತ್ ಕೈಯಲ್ಲೇ ಬದಲಾಯಿಸಿಕೋ ಅಂದೆ. ಮ್ಯಾಗಜಿನ್ ಸರಿಯಾಗಿ ಕೂರಲು ಶುರುವಾದ ಮೇಲೆ ಗುಂಡಿನ ಮೂತಿ ಗುದ್ದುವುದೂ ನಿಂತಿತು. ರ‍್ಯಾಂಪ್‌ಗೆ ಯಾರೂ ಕೈ ಹಚ್ಚಲಿಲ್ಲ.

ಮರದ ಪಟ್ಟಿ ಹಾಕುವವರು ಇನ್ನೆರಡು ಜಾಗ ನೋಡಿಕೊಳ್ಳಬೇಕು. ಎಡಪಟ್ಟಿಯ ಮೇಲಂಚು ಪ್ಲಂಜರ್ ಟ್ಯೂಬ್‌ನ ಅಡಿಗೆ ಆಸರೆಯಾಗಿ ನಿಲ್ಲುತ್ತದೆ. ಹೆಬ್ಬೆರಳ ಸೇಫ್ಟಿಯನ್ನೂ ಸ್ಲೈಡನ್ನು ತೆರೆದು ನಿಲ್ಲಿಸುವ ಸ್ಲೈಡ್ ಸ್ಟಾಪನ್ನೂ ಒತ್ತಿ ಹಿಡಿಯುವ ಸಣ್ಣ ಪಿನ್ನುಗಳು, ಅವುಗಳ ಸ್ಪ್ರಿಂಗು ಇರುವುದು ಆ ಟ್ಯೂಬ್‌ನಲ್ಲಿ. ಅದು ಸಡಿಲವಾದರೆ ಸೇಫ್ಟಿ ಅರ್ಧದಲ್ಲಿ ನಿಲ್ಲಬಹುದು. ನಾನು ಆ ಅಂಚನ್ನು ಒಂದು ಪೋಸ್ಟ್‌ಕಾರ್ಡ್ ದಪ್ಪದಷ್ಟು ಜಾಸ್ತಿ ತೆಗೆದಿದ್ದೆ, ಆಸರೆ ಸಿಗುತ್ತಿರಲಿಲ್ಲ. ಎರಡನೆಯದು ಬಲಪಟ್ಟಿ. ಎರಡೂ ಬದಿಯ ಸೇಫ್ಟಿಗಳಲ್ಲಿ ಕೆಲವು ಮಾದರಿಯಲ್ಲಿ ಬಲಗಡೆಯ ಸನ್ನೆ (ಲಿವರ್) ಹೊರಗೆ ಜಾರದಂತೆ ಹಿಡಿಯುವುದು ಬಲಪಟ್ಟಿಯೇ. ಸನ್ನೆಯ ನಾಲಿಗೆ ಪಟ್ಟಿಯ ಅಡಿಗೆ ಹೋಗಿ ಕೂರಬೇಕು, ಅದಕ್ಕೆ ಪಟ್ಟಿಯಲ್ಲಿ ತೋಡು ಕೊರೆಯಬೇಕು. ತೋಡಿನ ಆಳ ಸಾಲದಿದ್ದರೆ ಸೇಫ್ಟಿ ಬಿಗಿಯಾಗುತ್ತದೆ, ಜಾಸ್ತಿಯಾದರೆ ಸನ್ನೆ ಅಲುಗಾಡುತ್ತದೆ.

ಇಲ್ಲಿನ ಮಳೆಗಾಲದ ಹವೆಯಲ್ಲಿ ಕೂತ ಮರ ಟೆಕ್ಸಸ್‌ನ ಒಣಹವೆಗೆ ಹೋದಾಗ ಕುಗ್ಗುತ್ತದೆ. ಕುಗ್ಗಿದಾಗ ಸ್ಕ್ರೂ ಸಡಿಲವಾಗುತ್ತದೆ. ಹೊಸದಾಗಿ ಹಾಕಿದ ಮರದ ಪಟ್ಟಿಯ ಸ್ಕ್ರೂಗಳನ್ನು ಮೊದಲ ಎರಡು ತಿಂಗಳು ಪ್ರತಿ ಸಲ ರೇಂಜ್‌ಗೆ ಹೋಗುವ ಮೊದಲು ಮುಟ್ಟಿ ನೋಡಿ. ಬಿಗಿ ಮಾಡುವಾಗ ಬೆರಳ ತುದಿಯ ಬಲ ಸಾಕು, ಮುಷ್ಟಿಯ ಬಲ ಹಾಕಿದರೆ ಮರ ಸೀಳುತ್ತದೆ.

ಖಾಲಿ ಕೇಸು ಸಿಕ್ಕಿಕೊಳ್ಳುತ್ತದೆ, ಸ್ಲೈಡ್ ತೆರೆದು ನಿಲ್ಲುವುದಿಲ್ಲ

ಈ ಎರಡು ಒಟ್ಟಿಗೆ ಬಂದರೆ ಒಂದೇ ಕಾಯಿಲೆ ಅಂತ ತಿಳಿಯಿರಿ. ಖಾಲಿ ಕೇಸು (ಗುಂಡು ಹಾರಿದ ಮೇಲೆ ಉಳಿಯುವ ಚಿಪ್ಪು) ಹೊರಗೆ ಹಾರದೆ ಸ್ಲೈಡ್‌ನ ಬಾಯಲ್ಲಿ ಒಲೆಯ ಕೊಳವೆ ಹಾಗೆ ನೆಟ್ಟಗೆ ನಿಲ್ಲುತ್ತಿತ್ತು. ಕೊನೆಯ ಗುಂಡು ಹಾರಿದ ಮೇಲೆ ಸ್ಲೈಡ್ ಹಿಂದೆ ತೆರೆದುಕೊಂಡು ನಿಲ್ಲಬೇಕು, ಅದು ಮುಚ್ಚಿಕೊಳ್ಳುತ್ತಿತ್ತು. ಎರಡಕ್ಕೂ ಸ್ಲೈಡ್ ಪೂರ್ತಿ ಹಿಂದೆ ಹೋಗಬೇಕು. ಹೋಗುತ್ತಿಲ್ಲ.

"ಮೊದಲು ಖಾಲಿ ಕೇಸು ಎಲ್ಲಿ ಬೀಳ್ತಿತ್ತು, ಈಗ ಎಲ್ಲಿ ಬೀಳ್ತದೆ?" ಅಂತ ಕೇಳಿದೆ. ಮೊದಲು ಬಲಗಡೆ ಎರಡು ಮೂರು ಹೆಜ್ಜೆ ಆಚೆ ಬೀಳುತ್ತಿದ್ದವಂತೆ. ಈಗ ಬೂಟಿನ ಪಕ್ಕದಲ್ಲೇ. ಕೇಸು ಬೀಳುವ ಜಾಗ ಪಿಸ್ತೂಲಿನ ನಾಡಿ ಇದ್ದ ಹಾಗೆ. ರೇಂಜ್‌ಗೆ ಹೋದಾಗಲೆಲ್ಲ ಅದನ್ನು ಗಮನಿಸುವ ರೂಢಿ ಇದ್ದರೆ ದೋಷ ಬರುವ ಮೊದಲೇ ಗೊತ್ತಾಗುತ್ತದೆ.

5 ಇಂಚಿನ .45ಗೆ 16 ಪೌಂಡಿನ ಸ್ಪ್ರಿಂಗ್ ಮಾಮೂಲು. ಅವನು ಹೊಡೆಯುತ್ತಿದ್ದದ್ದು ರೇಂಜ್‌ನ ಮೆತ್ತನೆ ಗುಂಡು. ಅದರ ಒದೆತಕ್ಕೆ 20 ಪೌಂಡಿನ ಸ್ಪ್ರಿಂಗನ್ನು ಪೂರ್ತಿ ಹಿಂದೆ ತಳ್ಳುವ ಶಕ್ತಿ ಇಲ್ಲ. ಗಟ್ಟಿ ಸ್ಪ್ರಿಂಗ್ ಹಾಕಿದರೆ ಒದೆತ ಕಡಿಮೆಯಾಗುತ್ತದೆ ಅಂತ ಯಾರೋ ಹೇಳಿದ್ದನ್ನು ನಂಬಿದ್ದ. ಒದೆತ ಎಲ್ಲಿಗೂ ಹೋಗುವುದಿಲ್ಲ. ಹಿಂದೆ ಹೋಗುವಾಗ ಸ್ಪ್ರಿಂಗ್ ಹಿಡಿದಿಟ್ಟದ್ದನ್ನು ಮುಂದೆ ಬರುವಾಗ ಬಿಡುತ್ತದೆ. ಸ್ಲೈಡ್ ಧಡ್ ಅಂತ ಮುಚ್ಚುತ್ತದೆ, ಮೂತಿ ತಗ್ಗುತ್ತದೆ, ಮುಂದಿನ ಗುಂಡಿಗೆ ಗುರಿ ಹಿಡಿಯಲು ತಡವಾಗುತ್ತದೆ.

ಸ್ಪ್ರಿಂಗ್ ಬದಲಿಸುವ ಮೊದಲು ಕೈಯನ್ನೂ ಪರೀಕ್ಷಿಸಿದೆವು. ಮಣಿಕಟ್ಟು ಸಡಿಲ ಬಿಟ್ಟರೂ ಇದೇ ತೊಂದರೆ ಬರುತ್ತದೆ, ಸ್ಲೈಡ್ ಜೊತೆ ಫ್ರೇಮೂ ಹಿಂದೆ ಹೋಗಿಬಿಡುತ್ತದೆ. ರೇಂಜ್‌ನಲ್ಲಿ ಪಳಗಿದ ಇನ್ನೊಬ್ಬರ ಕೈಗೆ ಕೊಟ್ಟು ಹೊಡೆಸು ಅಂದೆ. ಅವರಿಗೂ ಎರಡು ಕೇಸು ಸಿಕ್ಕಿಕೊಂಡವು. ಆಮೇಲೆ ಹಳೆಯ 16 ಪೌಂಡಿನದ್ದು ಹಾಕಿ, ಬೇರೆ ಏನನ್ನೂ ಮುಟ್ಟದೆ, 50 ಗುಂಡು. ಒಂದೂ ಸಿಕ್ಕಿಕೊಳ್ಳಲಿಲ್ಲ. ಮೂರು ಮ್ಯಾಗಜಿನ್‌ಗಳಲ್ಲಿ ಸ್ಲೈಡ್ ತೆರೆದು ನಿಂತಿತು. ನಾಲ್ಕು ಚುಕ್ಕೆಯದ್ದರಲ್ಲಿ ಮಾತ್ರ ನಿಲ್ಲಲಿಲ್ಲ. ಅದರ ಸ್ಪ್ರಿಂಗ್ ಬಳಲಿತ್ತು, ಒಳಗೆ ಗುಂಡುಗಳನ್ನು ಮೇಲೆತ್ತುವ ಫಾಲೋಯರ್ ಸ್ಲೈಡ್ ಸ್ಟಾಪನ್ನು ಎತ್ತುತ್ತಿರಲಿಲ್ಲ. ಚುಕ್ಕೆ ಹಾಕಿರದಿದ್ದರೆ ಈ ಸಣ್ಣ ತಪ್ಪು ದೊಡ್ಡದರ ಹಿಂದೆ ಅಡಗಿ ನಮ್ಮನ್ನು ಇನ್ನೊಂದು ವಾರ ಸುತ್ತಾಡಿಸುತ್ತಿತ್ತು.

ಅಳಿಯನಿಗೆ ಬೇಕಾಗಲಿಲ್ಲ, ಆದರೂ ಖಾಲಿ ಕೇಸನ್ನು ಕೊಕ್ಕೆ ಹಾಕಿ ಎಳೆಯುವ ಎಕ್ಸ್‌ಟ್ರಾಕ್ಟರ್ ಬಗ್ಗೆ ಹೇಳಲೇಬೇಕು. 1911ರಲ್ಲಿ ಸಿಕ್ಕಿಕೊಳ್ಳುವ ಕೇಸುಗಳಿಗೆ ಅದು ಹಳೆಯ ಕಾರಣ. ಹಳೆಯ ವಿನ್ಯಾಸದಲ್ಲಿ ಇದು ಸ್ಲೈಡ್ ಒಳಗೆ ಉದ್ದಕ್ಕೆ ಮಲಗಿದ ಒಂದೇ ಉಕ್ಕಿನ ಕಡ್ಡಿ. ಬೇರೆ ಸ್ಪ್ರಿಂಗ್ ಇಲ್ಲ, ಕಡ್ಡಿಯ ಬಾಗೇ ಅದರ ಸ್ಪ್ರಿಂಗು. ಸ್ಲೈಡ್ ಬಿಚ್ಚಿ, ಬ್ಯಾರಲ್ ತೆಗೆದು, ಒಂದು ಖಾಲಿ ಕೇಸಿನ ಅಂಚನ್ನು ಕೊಕ್ಕೆಯ ಅಡಿಗೆ ಕೆಳಗಿನಿಂದ ಜಾರಿಸಿ. ಸ್ಲೈಡನ್ನು ಮೆಲ್ಲಗೆ ಅಲ್ಲಾಡಿಸಿ. ಕೇಸು ಅಂಟಿಕೊಂಡಿರಬೇಕು. ಬಿದ್ದರೆ ಬಾಗು ಸಡಿಲ. ಜಾರಿಸಲೇ ಬಲ ಬೇಕಾದರೆ ಬಿಗಿ, ಆಗ ಗುಂಡು ಚೇಂಬರ್‌ಗೆ ಪೂರ್ತಿ ಹೋಗದೆ ಸ್ಲೈಡ್ ಕೂದಲೆಳೆ ಅಂತರದಲ್ಲಿ ನಿಲ್ಲುತ್ತದೆ. ಹಿಂಬದಿಯಲ್ಲಿ ಫೈರಿಂಗ್ ಪಿನ್ ಸ್ಟಾಪ್ ಸಡಿಲವಿದ್ದರೆ ಕಡ್ಡಿ ತನ್ನ ತೂತಿನಲ್ಲಿ ಹೊರಳುತ್ತದೆ, ಕೇಸುಗಳು ಒಮ್ಮೆ ಬಲಕ್ಕೆ, ಒಮ್ಮೆ ಹಣೆಗೆ ಹಾರುತ್ತವೆ. ಪರೀಕ್ಷೆ ಮಾತ್ರ ನಿಮ್ಮದು. ಬಾಗಿಸುವುದು ಕೈ ಪಳಗಿದವರ ಕೆಲಸ.

ಗುಂಡು ಎಡಕ್ಕೆ, ಕೆಳಕ್ಕೆ

ಇದು ಹಳೆಯ ದೂರು. ಈ ಬದಲಾವಣೆಗಳೆಲ್ಲ ಶುರುವಾದದ್ದೇ ಇದರಿಂದ. ಮುಂದಿನ ಸೈಟನ್ನು ಗಿಡ್ಡ ಮಾಡಿಸಲು ಹೊಸದನ್ನು ತರಿಸಿಯೂ ಆಗಿತ್ತು.

ಸೈಟ್ ಮುಟ್ಟುವ ಮೊದಲು ಮರಳಿನ ಚೀಲದ ಮೇಲೆ ಕೈ ಇಟ್ಟು, ಅವಸರ ಇಲ್ಲದೆ, 5 ಗುಂಡು ಹೊಡೆಯಬೇಕು. ಅಳಿಯನ ಐದೂ ನಡುವಿನ ಸುತ್ತಲೇ ಬಿದ್ದವು. ಸೈಟ್ ಸರಿಯಾಗಿಯೇ ಇದೆ. ನಿಂತು ಹೊಡೆದಾಗ ಎಡಕ್ಕೆ ಹೋಗುವುದು ಬೆರಳಿನಿಂದ. ಬಲಗೈಯವರ ಬೆರಳು ಗಿಡ್ಡ, ಟ್ರಿಗರ್ ಉದ್ದ ಆದಾಗ ತುದಿ ಮಾತ್ರ ತಲುಪುತ್ತದೆ. ತುದಿಯಿಂದ ಒತ್ತಿದರೆ ಟ್ರಿಗರ್ ನೇರ ಹಿಂದೆ ಬರುವ ಬದಲು ಪಿಸ್ತೂಲೇ ಎಡಕ್ಕೆ ತಳ್ಳಿಸಿಕೊಳ್ಳುತ್ತದೆ. ಕೆಳಕ್ಕೆ ಹೋಗುವುದು ಸದ್ದಿಗೆ ಮೊದಲೇ ಮಣಿಕಟ್ಟು ಬಿಗಿಯುವುದರಿಂದ. ಗಿಡ್ಡ ಟ್ರಿಗರ್ ಹಾಕಿದ್ದು ಅವನ ಆರು ಬದಲಾವಣೆಗಳಲ್ಲಿ ಎಲ್ಲಕ್ಕಿಂತ ಸರಿಯಾದದ್ದು. ಎಡಕ್ಕೆ ಹೋಗುವುದು ಅಲ್ಲೇ ಕಡಿಮೆಯಾಯಿತು. ಕೆಳಕ್ಕೆ ಹೋಗುವುದಕ್ಕೆ ದಿನಾ ಹತ್ತು ನಿಮಿಷ ಖಾಲಿ ಪಿಸ್ತೂಲಿನ ಅಭ್ಯಾಸ ಕೊಟ್ಟೆ.

ಚೀಲದ ಮೇಲಿಟ್ಟಾಗಲೂ ಗುಂಪು ಒಂದೇ ಕಡೆ ತಪ್ಪಿ ಬಿದ್ದರೆ ಮಾತ್ರ ಸೈಟ್ ಕಡೆ ನೋಡಿ. ಹಿಂದಿನ ಸೈಟನ್ನು ಗುಂಡು ಹೋಗಬೇಕಾದ ಕಡೆಗೇ ಸರಿಸಬೇಕು, ಮುಂದಿನದ್ದನ್ನು ಅದಕ್ಕೆ ಎದುರು ಕಡೆಗೆ. ಎತ್ತರದ ಲೆಕ್ಕ ಸುಲಭ: ತಪ್ಪಿದ ಅಂತರವನ್ನು ಎರಡು ಸೈಟ್‌ಗಳ ನಡುವಿನ ಅಂತರದಿಂದ ಗುಣಿಸಿ, ಗುರಿಯ ದೂರದಿಂದ ಭಾಗಿಸಿ. 25 ಮೀಟರ್‌ನಲ್ಲಿ 10 ಸೆಂಟಿಮೀಟರ್ ಕೆಳಗೆ ಬೀಳುತ್ತಿದೆ, ಸೈಟ್‌ಗಳ ನಡುವೆ 165 ಮಿಲಿಮೀಟರ್ ಇದೆ ಅಂದುಕೊಳ್ಳಿ. ಮುಂದಿನ ಸೈಟನ್ನು 0.66 ಮಿಲಿಮೀಟರ್ ತಗ್ಗಿಸಬೇಕು. ಅಂದಾಜಿನಲ್ಲಿ ಅರ ಎಳೆದರೆ ಎಷ್ಟು ಬೇಗ ಹದ ತಪ್ಪುತ್ತದೆ ಅಂತ ಇದರಿಂದಲೇ ಗೊತ್ತಾಗುತ್ತದೆ.

ಇಲ್ಲಿ ನಿಲ್ಲಿಸಿ

ಒಂದು ಬಗೆಯ ದೋಷವಿದೆ, ಅದರ ಕಾರಣವನ್ನು ನೀವಾಗಿ ಹುಡುಕಲು ಹೋಗಬೇಡಿ. ಸ್ಲೈಡ್ ಮುಚ್ಚಿದಾಗ ಹ್ಯಾಮರ್ ತಾನಾಗಿ ಅದರ ಹಿಂದೆ ಬಂದು ಬಿದ್ದರೆ, ಪೂರ್ತಿ ಏಳದೆ ಅರ್ಧದ ತೋಡಿನಲ್ಲಿ ನಿಂತರೆ, ಒಂದು ಸಲ ಒತ್ತಿದ್ದಕ್ಕೆ ಎರಡು ಗುಂಡು ಹಾರಿದರೆ, ಸೇಫ್ಟಿ ಮೇಲಿದ್ದಾಗ ಟ್ರಿಗರ್ ಒತ್ತಿ ಬಿಟ್ಟು ಆಮೇಲೆ ಸೇಫ್ಟಿ ಇಳಿಸಿದಾಗ ಹ್ಯಾಮರ್ ಬಿದ್ದರೆ, ಆ ಕ್ಷಣವೇ ನಿಲ್ಲಿಸಿ. ಮೂತಿಯನ್ನು ಗುರಿಯ ದಿಬ್ಬದ ಕಡೆಗೇ ಹಿಡಿದು ಖಾಲಿ ಮಾಡಿ. ಮತ್ತೆ ಗುಂಡು ತುಂಬಬೇಡಿ. ಟ್ರಿಗರ್ ಹಗುರ ಮಾಡಲು ಸಿಯರ್ (ಹ್ಯಾಮರನ್ನು ಎತ್ತಿ ಹಿಡಿಯುವ ಭಾಗ) ಉಜ್ಜಿದಾಗ ಬರುವ ದೋಷ ಇದು. ಅಳಿಯನೂ ಟ್ರಿಗರನ್ನು ಹಗುರ ಮಾಡಬೇಕು ಅಂತ ಕೇಳಿದ್ದ. ಅಮೆರಿಕದ ಬಂದೂಕು ಸಂಘ ಎನ್‌ಆರ್‌ಎಯ ಬುಲ್ಸ್‌ಐ ಗುರಿ ಸ್ಪರ್ಧೆಯಲ್ಲೇ .45 ಪಿಸ್ತೂಲಿಗೆ 3.5 ಪೌಂಡಿಗಿಂತ ಹಗುರ ಟ್ರಿಗರ್ ಬಿಡುವುದಿಲ್ಲ. "ವಾರಕ್ಕೊಂದು ದಿನ ಹೊಡೆಯೋ ನಿನಗೆ ಇರೋದೇ ಸಾಕು ಮಾರಾಯ" ಅಂದೆ. ಒಪ್ಪಿಕೊಂಡ.

ನಮ್ಮ ಕೊಡಗಿನವರಿಗೆ

ಇದನ್ನು ಓದಿ ಇಲ್ಲಿ ಯಾರೂ ತಮ್ಮ ಆಯುಧಕ್ಕೆ ತಾವೇ ಕೈ ಹಾಕಬಾರದು. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ 2029ರ ಅಕ್ಟೋಬರ್‌ವರೆಗೆ ಇರುವ ವಿನಾಯಿತಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 3 ಮತ್ತು 4ನೇ ಸೆಕ್ಷನ್‌ಗೆ, ಅಂದರೆ ಆಯುಧ ಇಟ್ಟುಕೊಳ್ಳುವ ಪರವಾನಗಿಗೆ, ಸಂಬಂಧಿಸಿದ್ದು. ದುರಸ್ತಿ, ಮಾರ್ಪಾಡು ಬರುವುದು 5ನೇ ಸೆಕ್ಷನ್‌ನಲ್ಲಿ. ಅದಕ್ಕೆ ಪರವಾನಗಿ ಇರುವ ಗನ್‌ಸ್ಮಿತ್ ಬೇಕು. ನಾವು ಮಾಡಬಹುದಾದದ್ದು ಗಮನಿಸುವುದು, ಬರೆದಿಡುವುದು, ಶುಚಿಯಾಗಿಡುವುದು. ಇಲ್ಲಿನ ದೋಷಗಳಲ್ಲಿ ಹೆಚ್ಚಿನವು ತುಕ್ಕಿನವೇ. ಜೂನ್‌ನಿಂದ ಆಗಸ್ಟ್‌ವರೆಗೆ ಚರ್ಮದ ಚೀಲದಲ್ಲಿ ಪಿಸ್ತೂಲನ್ನಾಗಲಿ ಕೋವಿಯನ್ನಾಗಲಿ ಇಡಬೇಡಿ. ಚರ್ಮ ನೀರು ಹೀರಿ ಉಕ್ಕಿಗೆ ಕುಡಿಸುತ್ತದೆ. ಆಯುಧ ಪೂಜಿಸುವ ಕೈಲ್‌ಪೊಳ್ದ್ ಹಬ್ಬ ಹತ್ತಿರ ಬಂದಾಗ ಮಾತ್ರ ಕೋವಿ ಹೊರಗೆ ತೆಗೆದು, ಮೂತಿಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸುವ ಹಿಂದಿನ ದಿನ ಎಣ್ಣೆ ಹಚ್ಚುವ ಮನೆಗಳಿವೆ. ಸೆಪ್ಟೆಂಬರ್‌ವರೆಗೆ ಕಾಯಬೇಡಿ. ಮಳೆಗಾಲದಲ್ಲಿ ವಾರಕ್ಕೊಂದು ಸಲ ಒಣ ಬಟ್ಟೆ, ಆಮೇಲೆ ತೆಳ್ಳಗೆ ಎಣ್ಣೆ.

ಅಳಿಯನ ಪುಸ್ತಕದಲ್ಲಿ ಈಗ 200 ಗುಂಡಿನ ಸಾಲು ತೊಂದರೆ ಇಲ್ಲದೆ ನಿಂತಿದೆ. ಗಿಡ್ಡ ಟ್ರಿಗರ್ ಉಳಿಯಿತು. ಚಪ್ಪಟೆ ಹೌಸಿಂಗ್ ಉಳಿಯಿತು. ಚಾಚಿದ ಸೇಫ್ಟಿಯೂ ಉಳಿಯಿತು. ಗಂಟಿರುವ ಗ್ರಿಪ್ ಸೇಫ್ಟಿ, ಗಿಡ್ಡ ಸ್ಕ್ರೂ ಹೊಸದಾಗಿ ಬಂದವು. 20 ಪೌಂಡಿನ ಸ್ಪ್ರಿಂಗ್ ಡಬ್ಬಿ ಸೇರಿತು, ತರಿಸಿದ ಸೈಟ್ ಪೊಟ್ಟಣದಲ್ಲೇ ವಾಪಸ್ ಹೋಯಿತು. ನಾಲ್ಕು ಚುಕ್ಕೆಯ ಮ್ಯಾಗಜಿನ್‌ಗೆ ಹೊಸ ಸ್ಪ್ರಿಂಗ್ ಬರಬೇಕು.

ಎಡಪಟ್ಟಿಯ ಮೇಲಂಚಿನ ಸಂದು ಹಾಗೇ ಇದೆ. ಅದಕ್ಕೆ ಹೊಸ ಪಟ್ಟಿ ಕೊಯ್ದಿದ್ದೇನೆ. ಈ ಸಲ ಪ್ಲಂಜರ್ ಟ್ಯೂಬ್‌ನ ಅಳತೆಯನ್ನು ಅವನು ಕ್ಯಾಲಿಪರ್ ಹಿಡಿದು ಕಳಿಸಿದ ಮೇಲೆಯೇ ಗೆರೆ ಎಳೆದೆ. ಪುತ್ತರಿ ಸುಗ್ಗಿ ಹಬ್ಬ ಮುಗಿಸಿ ಅಕ್ಕ ಮತ್ತೆ ಅಲ್ಲಿಗೆ ಹೊರಡುತ್ತಾಳೆ. ಅಷ್ಟರೊಳಗೆ ಅಟ್ಟದ ಮೇಲೆ ಒಣಗಲಿ.